ಖಾನೇಸುಮಾರಿಯಿಂದ ಜನಗಣತಿಗೆ: ಅಂಕಿಗಳಲ್ಲಿ ನಮ್ಮ ಮನೆಗಳು

ನ್ಯಾಮತಿ ತಾಲ್ಲೂಕಿನಲ್ಲಿ ಎಷ್ಟು ಕುಟುಂಬಗಳಿವೆ, ಅವುಗಳಲ್ಲಿ ಮುಸ್ಲಿಂ ಕುಟುಂಬಗಳೆಷ್ಟು, ಹೆಂಗಸರೇ ನಡೆಸುತ್ತಿರುವ ಮನೆಗಳೆಷ್ಟು ಎಂದು ಯಾರಾದರೂ ಕೇಳಿದರೆ ಉತ್ತರಕ್ಕಾಗಿ ಜನಗಣತಿಯ ಪುಸ್ತಕಗಳನ್ನು ತೆರೆಯುವುದು ಸಹಜ. ಆದರೆ 1871ರಿಂದ 2011ರವರೆಗಿನ ಯಾವ ಜನಗಣತಿ ಸಂಪುಟದಲ್ಲೂ 'ನ್ಯಾಮತಿ ತಾಲ್ಲೂಕು' ಎಂಬ ಪುಟ ಸಿಗುವುದಿಲ್ಲ. ಕಾರಣ ಸರಳವಾಗಿದೆ. ನ್ಯಾಮತಿ ತಾಲ್ಲೂಕಾದದ್ದು 2018ರಲ್ಲಿ. ಅದಕ್ಕೆ ಮೊದಲು ಅದು ಹೊನ್ನಾಳಿ ತಾಲ್ಲೂಕಿನ ಭಾಗ. ಹೊನ್ನಾಳಿಯೂ ಚನ್ನಗಿರಿಯೂ 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು; ಜಗಳೂರು ಚಿತ್ರದುರ್ಗದಲ್ಲಿತ್ತು. ಆ ದಿನ ದಾವಣಗೆರೆ ಜಿಲ್ಲೆ ಹುಟ್ಟಿ ಇವೆಲ್ಲವೂ ಒಂದೇ ಜಿಲ್ಲೆಯ ತಾಲ್ಲೂಕುಗಳಾದವು. ಆದ್ದರಿಂದ ನ್ಯಾಮತಿ, ಬೆಳಗುತ್ತಿ, ಸವಳಂಗ, ಸುರಗೊಂಡನಕೊಪ್ಪಗಳ ಹಳೆಯ ಲೆಕ್ಕ ಬೇಕೆನ್ನುವವರು ಶಿವಮೊಗ್ಗ ಜಿಲ್ಲೆಯ ಜನಗಣತಿ ಕೈಪಿಡಿಗಳಲ್ಲಿ ಹೊನ್ನಾಳಿ ತಾಲ್ಲೂಕಿನ ಹಳ್ಳಿಪಟ್ಟಿ ಹುಡುಕಿ, ಒಂದೊಂದೇ ಊರನ್ನು ಆರಿಸಿ ಕೂಡಿಸಬೇಕು. ಊರು ಅಲ್ಲೇ ಇದೆ, ಅದರ ವಿಳಾಸ ಮಾತ್ರ ಬದಲಾಗುತ್ತಾ ಬಂದಿದೆ.

ಇಷ್ಟು ಶ್ರಮಪಟ್ಟು ಹಳೆಯ ಅಂಕಿಗಳನ್ನು ಏಕೆ ಹುಡುಕಬೇಕು? ವಿದ್ಯಾಸಂಸ್ಥೆಯೊಂದರ ವಾರ್ಷಿಕ ಸಂಚಿಕೆಯ ಓದುಗರಿಗೆ ಈ ಪ್ರಶ್ನೆ ದೂರದ್ದೇನಲ್ಲ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವಾಗ, ಹೆಣ್ಣುಮಕ್ಕಳು ಏಕೆ ಶಾಲೆ ಬಿಡುತ್ತಾರೆಂದು ಚರ್ಚಿಸುವಾಗ ನಾವು 'ಸಮುದಾಯ' ಎಂಬ ದೊಡ್ಡ ಪದವನ್ನು ಬಳಸುತ್ತೇವೆ. ಆದರೆ ಮಗಳನ್ನು ಎಂಟನೆಯ ತರಗತಿಯ ನಂತರ ಓದಿಸಬೇಕೇ ಬೇಡವೇ ಎಂಬ ತೀರ್ಮಾನ ಸಮುದಾಯದಲ್ಲಿ ಆಗುವುದಿಲ್ಲ, ಒಂದು ಮನೆಯೊಳಗೆ ಆಗುತ್ತದೆ. ಆ ಮನೆಯಲ್ಲಿ ದುಡಿಯುವವರೆಷ್ಟು, ಉಣ್ಣುವವರೆಷ್ಟು, ಅಜ್ಜಿ ಇದ್ದಾರೆಯೇ, ತಂದೆ ಊರಲ್ಲಿದ್ದಾರೆಯೇ ಎಂಬುದರ ಮೇಲೆ ಅದು ನಿಂತಿರುತ್ತದೆ. ಮನೆಯೊಳಗಿನ ಈ ಚಿತ್ರವನ್ನು ಅಲ್ಪಸ್ವಲ್ಪವಾದರೂ ದೇಶದ ಉದ್ದಗಲಕ್ಕೂ ಒಂದೇ ಅಳತೆಯಲ್ಲಿ ದಾಖಲಿಸಿರುವುದು ಜನಗಣತಿ ಒಂದೇ.

ಮನೆ ಎಣಿಸುವ ಪದ್ಧತಿ

ನಮ್ಮ ಸೀಮೆಯಲ್ಲಿ ಜನರನ್ನು ಎಣಿಸುವುದಕ್ಕೆ ಮೊದಲು ಮನೆಗಳನ್ನು ಎಣಿಸುತ್ತಿದ್ದರು. ಮೈಸೂರು ಸಂಸ್ಥಾನದ ಹಳೆಯ ಲೆಕ್ಕಪತ್ರಗಳಲ್ಲಿ ಇದಕ್ಕೆ 'ಖಾನೇಸುಮಾರಿ' ಎಂಬ ಹೆಸರಿದೆ. ಖಾನಾ ಎಂದರೆ ಪಾರಸಿಯಲ್ಲಿ ಮನೆ, ಶುಮಾರಿ ಎಂದರೆ ಎಣಿಕೆ. ಉರ್ದು ಬಲ್ಲವರಿಗೆ ಇಲ್ಲಿ ಒಂದು ಸಣ್ಣ ತಮಾಷೆ ಕಾಣಬಹುದು. ಮನೆ ಎಂಬರ್ಥದ ಖಾನಾ ಬೇರೆ, ಊಟ ಎಂಬರ್ಥದ ಖಾನಾ ಬೇರೆ. ಬರೆಯುವ ಅಕ್ಷರಗಳೂ ಬೇರೆ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ. ಮುಂದೆ ಜನಗಣತಿ ಇಲಾಖೆಯವರು ಕುಟುಂಬಕ್ಕೆ ಕೊಟ್ಟ ಅರ್ಥದಲ್ಲೂ ಹೀಗೆಯೇ ಮನೆ ಮತ್ತು ಊಟ ಎರಡೂ ಸೇರಿಕೊಂಡವು. ಆ ವಿಷಯಕ್ಕೆ ಬರುತ್ತೇನೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಂಸ್ಥಾನದ ಸ್ಥಿತಿಗತಿ ತಿಳಿಯಲು ಇಂತಹ ಲೆಕ್ಕಗಳನ್ನು ತೆಗೆದರು. 1804ರ ಲೆಕ್ಕದಲ್ಲಿ ಮೈಸೂರು ಸಂಸ್ಥಾನದಲ್ಲಿ 4,82,612 ಸಂಸಾರಗಳಿದ್ದವು. ಜನರನ್ನು ತಲೆ ಎಣಿಸಿರಲಿಲ್ಲ. ಒಂದು ಸಂಸಾರಕ್ಕೆ ನಾಲ್ಕೂವರೆ ಜನರೆಂದು ಇಟ್ಟುಕೊಂಡು ಗುಣಿಸಿ 21,71,754 ಎಂಬ ಜನಸಂಖ್ಯೆಯನ್ನು ಬರೆದಿಟ್ಟರು. ಓದುಗರು ಬೇಕಿದ್ದರೆ ಗುಣಿಸಿ ನೋಡಬಹುದು, ಒಂದು ತಲೆಯೂ ಹೆಚ್ಚುಕಡಿಮೆ ಇಲ್ಲ. ಕೊನೆಯ ಅಂಕಿಯವರೆಗೂ ಅಷ್ಟು ಖಚಿತವಾಗಿ ಕಾಣುವ ಸಂಖ್ಯೆ ನಿಜಕ್ಕೂ ಒಂದು ಅಂದಾಜು. ಇತಿಹಾಸದ ವಿದ್ಯಾರ್ಥಿಗಳು ಅಂಕಿ ಕಂಡ ತಕ್ಷಣ ಅದು ಎಣಿಸಿದ್ದೋ ಗುಣಿಸಿದ್ದೋ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕೆನ್ನುವುದು ಇದಕ್ಕೇ.

ಈಗ ಇನ್ನೊಂದು ತುದಿಯನ್ನು ನೋಡೋಣ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297; ಕುಟುಂಬಗಳು ಸುಮಾರು 1 ಕೋಟಿ 33 ಲಕ್ಷ. ಭಾಗಿಸಿದರೆ ಒಂದು ಕುಟುಂಬಕ್ಕೆ ಸರಾಸರಿ 4.6 ಜನ. ಇದು ಗುಣಿಸಿದ್ದಲ್ಲ, ಎಣಿಸಿದ್ದು. ಇನ್ನೂರು ವರ್ಷಗಳ ಹಿಂದೆ ಅಂದಾಜು ಮಾಡಿದ ನಾಲ್ಕೂವರೆಗೂ ಇಂದಿಗೂ ಹೆಚ್ಚು ಅಂತರವೇ ಇಲ್ಲ! ಹಾಗಾದರೆ ಈ ಎರಡು ಶತಮಾನಗಳಲ್ಲಿ ಮನೆ ಬದಲಾಗಲೇ ಇಲ್ಲವೇ? 'ಹಿಂದೆ ಒಂದೊಂದು ಮನೆಯಲ್ಲಿ ಮೂವತ್ತು ನಲವತ್ತು ಜನ ಇರುತ್ತಿದ್ದರು' ಎಂದು ಹಿರಿಯರು ಹೇಳುವುದು ಸುಳ್ಳೇ? ಎರಡಕ್ಕೂ ಉತ್ತರ 'ಅಲ್ಲ' ಎಂಬುದೇ. ಸರಾಸರಿಯೊಂದನ್ನೇ ನೋಡಿದರೆ ಅದು ಕಾಣುವುದಿಲ್ಲ.

ಕಟ್ಟಡ, ಒಲೆ, ಮನೆತನ

ಕನ್ನಡದಲ್ಲಿ ನಾವು ಮನೆ ಎಂಬ ಒಂದೇ ಮಾತನ್ನು ಮೂರು ಅರ್ಥದಲ್ಲಿ ಬಳಸುತ್ತೇವೆ. ಗೋಡೆ ಮಾಡು ಇರುವ ಕಟ್ಟಡ ಮನೆ. ಒಟ್ಟಿಗೆ ಬೇಯಿಸಿ ಉಣ್ಣುವ ಸಂಸಾರ ಮನೆ. 'ಅವರು ದೊಡ್ಡ ಮನೆಯವರು' ಎಂದಾಗ ಮನೆತನವೂ ಮನೆ. ಮೊದಲಿನ ಜನಗಣತಿಗಳು ಈ ಗೊಂದಲದಲ್ಲೇ ನಡೆದವು. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ, ದಶಕದಿಂದ ದಶಕಕ್ಕೆ ಅರ್ಥ ಬದಲಾಗುತ್ತಿತ್ತು. ಒಂದು ಕಡೆ ಬೀದಿಗೆ ಪ್ರತ್ಯೇಕ ಬಾಗಿಲಿದ್ದರೆ ಅದು ಮನೆ, ಇನ್ನೊಂದು ಕಡೆ ಒಟ್ಟಿಗೆ ಉಣ್ಣುವವರ ಗುಂಪು ಮನೆ. ಕಟ್ಟಡವನ್ನೂ ಕುಟುಂಬವನ್ನೂ ಬೇರೆ ಬೇರೆ ಮಾಡಿ ಎಣಿಸಿದ್ದು 1951ರಲ್ಲಿ. ಅಂದಿನಿಂದ ಇಂದಿನವರೆಗೆ ಕುಟುಂಬದ ಗುರುತು ಅಡುಗೆಮನೆ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತಾ ಒಂದೇ ಅಡುಗೆಯಲ್ಲಿ ಊಟ ಮಾಡುವವರು ಒಂದು ಕುಟುಂಬ. ಅವರು ರಕ್ತಸಂಬಂಧಿಗಳೇ ಆಗಿರಬೇಕೆಂದಿಲ್ಲ.

ನಮ್ಮ ಊರುಗಳ ಮಟ್ಟಿಗೆ ಇದು ಬಹಳ ಸರಿಯಾದ ಅಳತೆ. ಒಂದು ಹಂಚಿನ ಮನೆಯನ್ನು ಕಲ್ಪಿಸಿಕೊಳ್ಳಿ. ಮುಂದೆ ಒಂದೇ ಬಾಗಿಲು, ಒಳಗೆ ಮೂವರು ಅಣ್ಣತಮ್ಮಂದಿರು. ಹಿರಿಯನದು ಅಡಿಕೆ ವ್ಯಾಪಾರ, ನಡುವಿನವನದು ಗ್ಯಾರೇಜು, ಕಿರಿಯನಿಗೆ ಕೂಲಿ. ತಾಯಿ ಕಿರಿಯನ ಜೊತೆ. ಜಮೀನಿನ ಪಹಣಿಯಲ್ಲಿ ಇನ್ನೂ ತೀರಿಹೋದ ತಂದೆಯ ಹೆಸರೇ ಇದೆ. ಹಬ್ಬದ ದಿನ ಎಲ್ಲರೂ ಒಂದೇ ದಸ್ತರ್‌ಖಾನಿನ ಮುಂದೆ ಕೂರುತ್ತಾರೆ. ಊರಿನವರ ದೃಷ್ಟಿಯಲ್ಲಿ ಅದು ಒಂದು ಮನೆ. ಕಂದಾಯ ಇಲಾಖೆಯ ದೃಷ್ಟಿಯಲ್ಲೂ ಒಂದೇ. ಜನಗಣತಿಯವರಿಗೆ ಮಾತ್ರ ಮೂರು, ಏಕೆಂದರೆ ಒಳಗೆ ಮೂರು ಒಲೆಗಳಿವೆ. ಕಿರಿಯನ ಮಗಳಿಗೆ ಶುಲ್ಕ ಕಟ್ಟಲು ಹಣವಿಲ್ಲದಿರುವುದು ಈ ಮೂರನೆಯ ಎಣಿಕೆಯಲ್ಲಿ ಮಾತ್ರ ಕಾಣುತ್ತದೆ. 'ಅವರದು ಅನುಕೂಲಸ್ಥರ ಮನೆ' ಎಂದು ಅರ್ಜಿಯನ್ನು ಬದಿಗಿಟ್ಟವರು ಕಟ್ಟಡವನ್ನು ಎಣಿಸಿದ್ದಾರೆ, ಒಲೆಯನ್ನಲ್ಲ.

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗಳನ್ನು ಗುರುತಿಸಲು ವಿದ್ಯುತ್ ಮೀಟರನ್ನು ಆಧಾರವಾಗಿ ಹಿಡಿದರು. ಅದರ ಅನುಕೂಲ ಅರ್ಥವಾಗುವಂಥದ್ದೇ. ಆದರೆ ಒಂದು ಮೀಟರಿನ ಕೆಳಗೆ ಮೂರು ಒಲೆ ಇರುವುದು ನಮ್ಮ ಪೇಟೆಗಳಲ್ಲಿ ಸಾಮಾನ್ಯ. ಎರಡು ಲೆಕ್ಕಗಳನ್ನು ಹೋಲಿಸುವವರು ಇದನ್ನು ಮರೆಯಬಾರದು.

ಕ್ಷಾಮದ ಗುರುತು

ಮೈಸೂರು ಸಂಸ್ಥಾನದಲ್ಲಿ ತಲೆ ಎಣಿಸಿದ ಮೊದಲ ಜನಗಣತಿ 1871ರ ನವೆಂಬರ್ 14ರಂದು ನಡೆಯಿತು. ಆಗಿನ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರ ಫೆಬ್ರವರಿ 17ರ ಎಣಿಕೆಯಲ್ಲಿ 41,86,188. ನಡುವೆ 1876-78ರ ಮಹಾಕ್ಷಾಮ ಬಂದು ಹೋಗಿತ್ತು. ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಜನರ ಕೊರತೆ, ಅಂದರೆ ಶೇ. 17ಕ್ಕೂ ಹೆಚ್ಚು. ಪೂರ್ವದ ಬಯಲುಸೀಮೆಗೆ ಹೊಡೆತ ಜೋರಾಗಿತ್ತು. ಶಿವಮೊಗ್ಗದ ಕಡೆ, ಮಲೆನಾಡಿನ ಅಂಚಿನಲ್ಲಿದ್ದ ನಮ್ಮ ಭಾಗಕ್ಕೆ ಅಷ್ಟಿರಲಿಲ್ಲ.

ಒಟ್ಟು ಸಂಖ್ಯೆಗಿಂತ ಹೆಚ್ಚಿನದನ್ನು ಹೇಳುವುದು ವಯಸ್ಸಿನ ಕೋಷ್ಟಕ. ಕ್ಷಾಮದಲ್ಲಿ ಮೊದಲು ಸಾಯುವವರು ಎಳೆಯ ಮಕ್ಕಳು ಮತ್ತು ಮುದುಕರು. ಹೊಸ ಹೆರಿಗೆಗಳೂ ನಿಲ್ಲುತ್ತವೆ. ಆದ್ದರಿಂದ ಐದು ವರ್ಷದೊಳಗಿನವರ ಸಾಲು 1881ರಲ್ಲಿ ತೆಳುವಾಗುತ್ತದೆ. ಅದೇ ತೆಳು ಸಾಲು 1891ರಲ್ಲಿ ಹದಿಹರೆಯದವರಾಗಿ, 1901ರಲ್ಲಿ ಇಪ್ಪತ್ತು ದಾಟಿದ ತಂದೆತಾಯಿಗಳಾಗಿ ಮುಂದೆ ಸಾಗುತ್ತದೆ. ಒಂದು ಬರಗಾಲದ ಗಾಯ ಮೂರು ಜನಗಣತಿಗಳ ಉದ್ದಕ್ಕೂ ನಡೆದುಕೊಂಡು ಹೋಗುವುದನ್ನು ನೋಡಿದರೆ ಅಂಕಿಗಳು ನೀರಸ ಎನ್ನುವವರು ಕೂಡ ಒಂದು ಕ್ಷಣ ತಡೆದು ನಿಲ್ಲುತ್ತಾರೆ.

ಹಳೆಯ ಕುಟುಂಬದ ಸರಾಸರಿ ಚಿಕ್ಕದಾಗಿದ್ದುದಕ್ಕೆ ಕಾರಣವೂ ಇಲ್ಲೇ ಇದೆ. ಏಳೆಂಟು ಮಕ್ಕಳನ್ನು ಹೆತ್ತರೂ ಬದುಕಿ ಉಳಿಯುತ್ತಿದ್ದವರು ಕೆಲವರೇ. ಪ್ಲೇಗು, ಕಾಲರಾ, ಮಲೆನಾಡಿನ ಅಂಚಿನಲ್ಲಿ ಮಲೇರಿಯಾ, 1918ರಲ್ಲಿ ಇನ್‌ಫ್ಲುಯೆಂಜಾ. ಮೊಮ್ಮಕ್ಕಳನ್ನು ನೋಡುವಷ್ಟು ಕಾಲ ಅಜ್ಜ ಬದುಕುವುದೇ ಅಪರೂಪವಾಗಿದ್ದಾಗ ಮೂರು ತಲೆಮಾರು ಒಂದೇ ಒಲೆಯ ಸುತ್ತ ಸೇರುವುದು ಹೇಗೆ? 1911ರ ಭಾರತದ ಜನಗಣತಿ ವರದಿ ಬರೆದ ಇ. ಎ. ಗೇಟ್, ಮನೆಯೊಂದಕ್ಕೆ ಸರಾಸರಿ ಐದಕ್ಕಿಂತ ತುಸು ಕಡಿಮೆ ಜನರಿರುವುದನ್ನು ಕಂಡು, ಅವಿಭಕ್ತ ಕುಟುಂಬ ಜನ ಭಾವಿಸಿದಷ್ಟು ಸಾಮಾನ್ಯವಲ್ಲವೆಂಬ ತೀರ್ಮಾನಕ್ಕೆ ಬಂದಿದ್ದರು. ಮೂವತ್ತು ನಲವತ್ತು ಜನರ ಮನೆಗಳು ಇದ್ದದ್ದು ನಿಜ. ಅವು ಜಮೀನು, ವ್ಯಾಪಾರ ಇದ್ದವರ ಮನೆಗಳು; ಕೆಲವೇ ಇದ್ದವು; ಅವನ್ನೇ ಊರು ನೆನಪಿಟ್ಟುಕೊಂಡಿತು. ಕೂಲಿಯವನ ಮೂರು ಜನರ ಗುಡಿಸಲನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮುರಿಯಿತೆಂದು ಹೇಳಿದ ಮನೆ

1951ರ ಜನಗಣತಿ ಕುಟುಂಬಗಳನ್ನು ನಾಲ್ಕು ಬಗೆ ಮಾಡಿತು. ಮೂರು ಅಥವಾ ಕಡಿಮೆ ಜನರಿದ್ದರೆ ಚಿಕ್ಕದು, ನಾಲ್ಕರಿಂದ ಆರು ಮಧ್ಯಮ, ಏಳರಿಂದ ಒಂಬತ್ತು ದೊಡ್ಡದು, ಹತ್ತು ಮತ್ತು ಮೇಲ್ಪಟ್ಟದ್ದು ಬಹಳ ದೊಡ್ಡದು. ದೇಶದ ಹಳ್ಳಿಗಳಲ್ಲಿ ನೂರಕ್ಕೆ 33 ಕುಟುಂಬಗಳು ಚಿಕ್ಕವು, 44 ಮಧ್ಯಮ, 17 ದೊಡ್ಡವು, ಆರು ಮಾತ್ರ ಬಹಳ ದೊಡ್ಡವು ಎಂದು ಬಂದಿತು. ಇಷ್ಟು ಚಿಕ್ಕ ಕುಟುಂಬಗಳಿರುವುದೆಂದರೆ ಅವಿಭಕ್ತ ಕುಟುಂಬ ಮುರಿಯುತ್ತಿದೆ ಎಂದರ್ಥ ಎಂದು ವರದಿ ಸೂಚಿಸಿತು. ಪತ್ರಿಕೆಗಳು ಬರೆದವು, ಪಠ್ಯಪುಸ್ತಕಗಳು ಬರೆದವು, ನಮ್ಮ ಶಾಲಾ ಪ್ರಬಂಧಗಳಲ್ಲೂ ಅದೇ ಬಂದಿತು.

ಆದರೆ ಮುರಿಯುತ್ತಿದೆ ಎನ್ನಲು ಹಿಂದೆ ಇಡಿಯಾಗಿತ್ತು ಎಂಬುದನ್ನು ತೋರಿಸಬೇಕಲ್ಲವೇ? ಈ ಪ್ರಶ್ನೆಯನ್ನು ಬಲವಾಗಿ ಎತ್ತಿದವರು ಸಮಾಜಶಾಸ್ತ್ರಜ್ಞ ಎ. ಎಂ. ಶಾ. ಗುಜರಾತಿನ ರಾಧವಣಜ ಎಂಬ ಗ್ರಾಮದ 1825ರ ಮನೆವಾರು ಗಣತಿ ದಫ್ತರ ಅವರಿಗೆ ಸಿಕ್ಕಿತ್ತು. ಅದನ್ನು ಅದೇ ಊರಿನ ಇತ್ತೀಚಿನ ಸ್ಥಿತಿಯೊಂದಿಗಿಟ್ಟು ನೋಡಿ, 1973ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ವಾದಿಸಿದ್ದು ಇಷ್ಟು: ಚಿಕ್ಕ ಕುಟುಂಬಗಳು ಹೊಸದಾಗಿ ಹುಟ್ಟಿದವಲ್ಲ, ಹಿಂದೆಯೂ ಹೇರಳವಾಗಿದ್ದವು. ಒಂದೇ ಮನೆ ತನ್ನ ಆಯುಷ್ಯದಲ್ಲಿ ಚಿಕ್ಕದಾಗಿ, ದೊಡ್ಡದಾಗಿ, ಮತ್ತೆ ಪಾಲಾಗಿ ಚಿಕ್ಕದಾಗುತ್ತಿರುತ್ತದೆ. ಮಗನಿಗೆ ಮದುವೆಯಾದಾಗ ಅವಿಭಕ್ತ, ಮೊಮ್ಮಕ್ಕಳು ಹುಟ್ಟಿದ ಮೇಲೆ ಬೇರೆ ಒಲೆ, ಅತ್ತೆ ಒಂಟಿಯಾದಾಗ ಮತ್ತೆ ಒಂದೇ ಒಲೆ. ಗಣತಿದಾರ ಬಾಗಿಲು ತಟ್ಟಿದ ದಿನ ಅದು ಈ ತಿರುಗಣಿಯ ಯಾವ ಹಂತದಲ್ಲಿತ್ತೋ ಅದಷ್ಟೇ ದಾಖಲಾಗುತ್ತದೆ.

ಸ್ವಾತಂತ್ರ್ಯಾನಂತರ ಆಸ್ಪತ್ರೆ, ಲಸಿಕೆ, ಡಿಡಿಟಿ ಬಂದು ಸಾವು ಕಡಿಮೆಯಾದಾಗ ಆದದ್ದೇನು? ಮಕ್ಕಳು ಉಳಿದರು, ಅಜ್ಜಿಯರು ಹೆಚ್ಚು ಕಾಲ ಬದುಕಿದರು, ಕುಟುಂಬದ ಸರಾಸರಿ ಏರಿತು. ದೇಶದಲ್ಲಿ 1981ರ ಹೊತ್ತಿಗೆ ಅದು ಐದೂವರೆ ಮುಟ್ಟಿತು. ಪುಸ್ತಕಗಳು ಅವಿಭಕ್ತ ಕುಟುಂಬ ಒಡೆಯಿತೆಂದು ಬರೆಯುತ್ತಿದ್ದ ದಶಕಗಳಲ್ಲೇ ಮನೆ ಇತಿಹಾಸದಲ್ಲಿ ಎಂದಿಗಿಂತ ತುಂಬಿತ್ತು! ನಂತರ ಹೆರಿಗೆಗಳು ಕಡಿಮೆಯಾಗಿ 2001ರಲ್ಲಿ 5.3ಕ್ಕೆ, 2011ರಲ್ಲಿ ಐದರ ಕೆಳಕ್ಕೆ ಇಳಿಯಿತು. ನಮ್ಮ ಹಿರಿಯರು ನೆನೆಯುವ ತುಂಬಿದ ಮನೆ ಬಹುಮಟ್ಟಿಗೆ ಈ ನಡುವಿನ ಕಾಲದ್ದು. 1804ರ ನಾಲ್ಕೂವರೆಯಲ್ಲಿ ಸತ್ತ ಮಕ್ಕಳ ನೆರಳಿದೆ. 2011ರ ನಾಲ್ಕೂವರೆಯಲ್ಲಿ ಹುಟ್ಟಿದ ಇಬ್ಬರೂ ಉಳಿದಿದ್ದಾರೆ. ಅಂಕಿ ಒಂದೇ ಆದರೂ ಮನೆ ಬೇರೆ.

'ಹೆಂಗಸು' ಎಂದು ಬರೆದ ಕಾಲಂ

ಹಳೆಯ ಗಣತಿಗಳು 1931ರವರೆಗೂ ಒಂದೇ ರಾತ್ರಿಯಲ್ಲಿ ಮುಗಿಯುತ್ತಿದ್ದವು. ಬೆಳದಿಂಗಳಿರುವ, ಜಾತ್ರೆ ಮದುವೆಗಳು ಕಡಿಮೆ ಇರುವ ರಾತ್ರಿಯನ್ನು ನೋಡಿ ಗೊತ್ತುಮಾಡುತ್ತಿದ್ದರು. ಮೊದಲೇ ಮನೆಗಳಿಗೆ ಸಂಖ್ಯೆ ಹಾಕಿ, ಪಟ್ಟಿ ತುಂಬಿಟ್ಟು, ಆ ರಾತ್ರಿ ಯಾರು ಇದ್ದಾರೆಂದು ಸರಿನೋಡುವುದು. ಮೈಸೂರಿನ ವರದಿಗಳನ್ನು ಬರೆದವರಲ್ಲಿ 1891ರಲ್ಲಿ ವಿ. ಎನ್. ನರಸಿಂಹಯ್ಯಂಗಾರ್, 1911 ಮತ್ತು 1921ರಲ್ಲಿ ವಿ. ಆರ್. ತ್ಯಾಗರಾಜ ಅಯ್ಯರ್ ಇದ್ದರು. 1931ರ ವರದಿ ಬರೆದವರು ಎಂ. ವೆಂಕಟೇಶ ಅಯ್ಯಂಗಾರ್, ಅಂದರೆ ಕನ್ನಡಿಗರೆಲ್ಲರ ಮಾಸ್ತಿ. ಸಣ್ಣಕಥೆಗಳಲ್ಲಿ ಮನೆಯೊಳಗಿನ ಮಾತನ್ನು ಅಷ್ಟು ನಯವಾಗಿ ಕೇಳಿಸಿದವರು ಸಂಸ್ಥಾನದ ಎಲ್ಲಾ ಮನೆಗಳ ಲೆಕ್ಕವನ್ನೂ ಇಟ್ಟಿದ್ದರು ಎಂಬುದು ಸಂತೋಷದ ಸಂಗತಿ.

ಗಣತಿದಾರರಿಗೆ ಕೊಡುತ್ತಿದ್ದ ಸೂಚನೆಗಳಲ್ಲಿ ಒಂದು ನಮ್ಮ ಗಮನಕ್ಕೆ ಬರಬೇಕು. ಮನೆಯ ಹೆಣ್ಣುಮಕ್ಕಳ ಹೆಸರು ಹೇಳಲು ಯಜಮಾನ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಹೆಸರಿನ ಜಾಗದಲ್ಲಿ 'ಹೆಂಗಸು' ಎಂದು ಬರೆಯಿರಿ ಎಂಬುದು ಆ ಸೂಚನೆ. ಪರದೆ ಪಾಲಿಸುವ ಮುಸ್ಲಿಂ ಮನೆಗಳು, ಮರ್ಯಾದೆಯ ಭಾವನೆಯಿಂದ ಹೆಸರು ಹೇಳದ ಮೇಲ್ಜಾತಿ ಹಿಂದೂ ಮನೆಗಳು, ಎರಡಕ್ಕೂ ಇದು ಅನ್ವಯಿಸುತ್ತಿತ್ತು. ತಲೆ ಎಣಿಕೆಗೆ ಸೇರಿತು, ಹೆಸರು ಸೇರಲಿಲ್ಲ. ಹೆಸರೇ ಹೇಳದವರು ವಯಸ್ಸನ್ನು, ಅಕ್ಷರ ಬರುತ್ತದೆಯೇ ಎಂಬುದನ್ನು ಎಷ್ಟು ಸರಿಯಾಗಿ ಹೇಳಿಯಾರು? ಕುರಾನ್ ಓದಬಲ್ಲ, ಆದರೆ ಪತ್ರ ಬರೆಯಲಾರದ ಅಜ್ಜಿಯನ್ನು ಓದುಬರಹ ಬಂದವರ ಸಾಲಿಗೆ ಸೇರಿಸಬೇಕೇ ಎಂಬ ತೊಡಕು ಬೇರೆ. ಓದುವುದು, ಬರೆಯುವುದು ಎರಡೂ ಬಂದರೆ ಮಾತ್ರ ಸಾಕ್ಷರರು ಎಂಬ ನಿಯಮ ಗಟ್ಟಿಯಾದಂತೆ ಅಂತಹವರೆಲ್ಲ ನಿರಕ್ಷರರ ಪಟ್ಟಿಗೆ ಹೋದರು. ಹಳೆಯ ಕೋಷ್ಟಕಗಳಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ವಿದ್ಯೆಯ ಅಂಕಿ ಕಂಡಾಗ ಈ ಎರಡನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಇನ್ನು ಆ ಪಟ್ಟಿಗಳನ್ನೇ ತೆಗೆದು ನೋಡೋಣವೆಂದರೆ ಅವು ಉಳಿದಿಲ್ಲ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಮನೆಮನೆಯ ಪಟ್ಟಿಯನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ; 1921ರದ್ದು 2022ರ ಜನವರಿಯಲ್ಲಿ ತೆರೆಯಿತು. ಅಲ್ಲಿಯವರು ತಮ್ಮ ಮುತ್ತಜ್ಜಿಯ ಹೆಸರನ್ನು ಹುಡುಕಿಕೊಳ್ಳಬಹುದು. ನಮ್ಮಲ್ಲಿ ಲೆಕ್ಕ ಕೂಡಿಸಿದ ಮೇಲೆ ಮೂಲ ಚೀಟಿಗಳನ್ನು ಸಾಮಾನ್ಯವಾಗಿ ಇಟ್ಟುಕೊಳ್ಳಲಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ವ್ಯಕ್ತಿಯ ವಿವರ ಗುಟ್ಟಾಗಿಯೇ ಇರಬೇಕು, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಹೀಗಾಗಿ ನಮ್ಮ ಸಂಶೋಧಕರಿಗೆ ಉಳಿದಿರುವುದು ಕೋಷ್ಟಕ ಮಾತ್ರ. ಒಂದು ಗ್ರಾಮದ 1825ರ ದಫ್ತರ ಶಾ ಅವರಿಗೆ ಅಷ್ಟು ಮುಖ್ಯವಾದದ್ದು ಇದರಿಂದಲೇ.

ಗುಂಪುಗಳ ಹೋಲಿಕೆಯ ಅಪಾಯ

ಮತ, ಜಾತಿ, ಭಾಷೆಗಳ ಗುಂಪು ಮಾಡಿ ಕುಟುಂಬಗಳನ್ನು ಹೋಲಿಸುವಾಗ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. 1901ರಲ್ಲಿ ಮೈಸೂರು ಸಂಸ್ಥಾನದ 55,39,399 ಜನರಲ್ಲಿ ಮುಸಲ್ಮಾನರು 2,89,697, ಅಂದರೆ ನೂರಕ್ಕೆ ಐದರಷ್ಟು. 2011ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ 12.9. ಯಾರಾದರೂ ಈ ಎರಡನ್ನು ಪಕ್ಕಪಕ್ಕ ಇಟ್ಟು 'ನೋಡಿ, ಎಷ್ಟು ಬೆಳೆದರು' ಎಂದರೆ ಅದು ಲೆಕ್ಕವಲ್ಲ. 1901ರ ಮೈಸೂರಿನಲ್ಲಿ ಕಲಬುರಗಿ, ಬೀದರ್, ವಿಜಯಪುರ, ಧಾರವಾಡ, ದಕ್ಷಿಣ ಕನ್ನಡ ಯಾವುದೂ ಇರಲಿಲ್ಲ. ಅವು 1956ರಲ್ಲಿ ಸೇರಿದವು. ಹೊನ್ನಾಳಿಯ ಗಡಿ ದಾಟಿದರೆ ರಾಣೆಬೆನ್ನೂರು, ಅದೇ ಆಗ ಮುಂಬೈ ಪ್ರಾಂತ್ಯ. ಅಲ್ಲಿಂದ ಹೊನ್ನಾಳಿಗೆ ಮದುವೆಯಾಗಿ ಬಂದ ಹುಡುಗಿ ಮೈಸೂರಿನ ಕೋಷ್ಟಕದಲ್ಲಿ 'ಹೊರಗೆ ಹುಟ್ಟಿದವಳು'. ಒಂದೆರಡು ಗಾವುದ ದೂರದ ತವರು ಅಂಕಿಗಳಲ್ಲಿ ಪರಪ್ರಾಂತ್ಯ!

ದೇಶದ ಮಟ್ಟದಲ್ಲಿ ಇಂಥದೇ ತಪ್ಪು 2004ರ ಸೆಪ್ಟೆಂಬರಿನಲ್ಲಿ ನಡೆಯಿತು. 2001ರ ಜನಗಣತಿಯ ಮತವಾರು ಅಂಕಿ ಬಿಡುಗಡೆಯಾದಾಗ ಮುಸ್ಲಿಮರ ಹತ್ತು ವರ್ಷದ ಬೆಳವಣಿಗೆ ಶೇ. 36 ಎಂದು ಸುದ್ದಿಯಾಯಿತು. 1991ರಲ್ಲಿ ಜಮ್ಮು ಕಾಶ್ಮೀರದಲ್ಲಿ ಗಣತಿಯೇ ನಡೆದಿರಲಿಲ್ಲ, ಆ ವರ್ಷದ ಲೆಕ್ಕದಲ್ಲಿ ಅಲ್ಲಿಯ ಜನ ಸೇರಿರಲಿಲ್ಲ, 2001ರಲ್ಲಿ ಸೇರಿದ್ದರು. ಅದನ್ನು ಸರಿಪಡಿಸಿದಾಗ ಅಂಕಿ ಶೇ. 29ರ ಆಸುಪಾಸಿಗೆ ಬಂತು, ಹಿಂದಿನ ದಶಕಕ್ಕಿಂತ ಇಳಿದಿತ್ತು. ತಿದ್ದುಪಡಿ ಕೆಲವೇ ದಿನಗಳಲ್ಲಿ ಬಂದರೂ ಮೊದಲ ಸುದ್ದಿ ಹೋದಷ್ಟು ದೂರ ಅದು ಹೋಗಲಿಲ್ಲ. ಇಳಿಕೆ ಮುಂದೆಯೂ ನಡೆದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ಮುಸ್ಲಿಂ ತಾಯಿಗೆ ಸರಾಸರಿ ಮಕ್ಕಳು 1992-93ರಲ್ಲಿ 4.4 ಇದ್ದದ್ದು 2019-21ರಲ್ಲಿ 2.36.

ತಪ್ಪು ನಮ್ಮ ಪರವಾಗಿಯೂ ಆಗಬಹುದು. 2001ರಲ್ಲಿ ಕರ್ನಾಟಕದ ಸಾಕ್ಷರತೆ ಶೇ. 66.6 ಇದ್ದಾಗ ರಾಜ್ಯದ ಮುಸ್ಲಿಮರದ್ದು ಶೇ. 70.1 ಇತ್ತು. ಇದನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದವರುಂಟು. ಆದರೆ ರಾಜ್ಯದ ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು, ಒಟ್ಟು ಜನರಲ್ಲಿ ಪಟ್ಟಣದವರು ಮೂರನೆಯ ಒಂದರಷ್ಟು. ಪಟ್ಟಣದಲ್ಲಿ ಶಾಲೆ ಹತ್ತಿರ. ಆದ್ದರಿಂದ ಪಟ್ಟಣದ ಮುಸ್ಲಿಂ ಕುಟುಂಬವನ್ನು ಪಟ್ಟಣದ ಇತರರೊಂದಿಗೆ, ಹಳ್ಳಿಯದನ್ನು ಹಳ್ಳಿಯವರೊಂದಿಗೆ ಹೋಲಿಸಬೇಕು. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ಸಮಿತಿ 2006ರ ನವೆಂಬರಿನಲ್ಲಿ ಕೊಟ್ಟ ವರದಿಯ ಬೆಲೆ ಇರುವುದು ಹೀಗೆ ಬಿಡಿಸಿ ನೋಡಿದ ಕ್ರಮದಲ್ಲಿ.

ಮುಸ್ಲಿಂ ಎಂಬ ಗುಂಪೂ ಒಂದೇ ಅಚ್ಚಿನದಲ್ಲ. 1931ರವರೆಗಿನ ಮೈಸೂರು ಕೋಷ್ಟಕಗಳಲ್ಲಿ ಶೇಖ್, ಸೈಯದ್, ಪಠಾಣ, ಮೊಗಲ, ಲಬ್ಬೆ, ಪಿಂಜಾರ ಮೊದಲಾದ ಸಾಲುಗಳಿದ್ದವು. ಹತ್ತಿ ಹಿಂಜುವ ಪಿಂಜಾರರಲ್ಲಿ ಬಹಳ ಮನೆಗಳ ಮಾತು ಕನ್ನಡ. 1931ರ ನಂತರ ಆ ವಿವರ ನಿಂತುಹೋಗಿ ಎಲ್ಲವೂ ಒಂದೇ ಸಾಲಾಯಿತು. ಭಾಷೆಯ ಕೋಷ್ಟಕದಲ್ಲಿ ಮಾತ್ರ ಸುಳಿವು ಉಳಿದಿದೆ: 2011ರಲ್ಲಿ ರಾಜ್ಯದಲ್ಲಿ ಮುಸ್ಲಿಮರು ಶೇ. 12.9, ಉರ್ದು ಮಾತೃಭಾಷೆ ಎಂದವರು ಶೇ. 10.8. ಈ ಅಂತರದಲ್ಲಿ ಕನ್ನಡ ಮಾತಾಡುವ ಪಿಂಜಾರ, ನದಾಫರೂ ಕರಾವಳಿಯ ಬ್ಯಾರಿ, ನವಾಯತರೂ ಇದ್ದಾರೆ. ಉರ್ದು ಶಾಲೆಯೊಂದೇ ಸಮುದಾಯದ ಎಲ್ಲಾ ಮನೆಗಳಿಗೂ ಸಾಕು ಎಂದುಕೊಳ್ಳುವವರು ಈ ಎರಡು ಅಂಕಿಗಳನ್ನು ನೋಡಬೇಕು.

ನಮ್ಮ ತಾಲ್ಲೂಕಿನಲ್ಲಿ ಏನನ್ನು ಹುಡುಕಬಹುದು

2001ರಿಂದ ಈಚೆಗೆ ಕುಟುಂಬದ ಮುಖ್ಯಸ್ಥರ ಮತ, ಲಿಂಗ ಮತ್ತು ಸದಸ್ಯರ ಸಂಖ್ಯೆಯನ್ನು ಒಟ್ಟಿಗೆ ಇಟ್ಟ ಕೋಷ್ಟಕಗಳು ಸಿಗುತ್ತವೆ. ನಮ್ಮಂತಹ ಸಂಘಗಳಿಗೆ ಅತ್ಯಂತ ಉಪಯುಕ್ತವಾದವು ಇವೇ ಎಂದು ನನ್ನ ಅಭಿಪ್ರಾಯ. 2011ರಲ್ಲಿ ದೇಶದ ನೂರು ಕುಟುಂಬಗಳಲ್ಲಿ ಸುಮಾರು 11ಕ್ಕೆ ಹೆಂಗಸೇ ಮುಖ್ಯಸ್ಥೆ. ಅವರಲ್ಲಿ ಹೆಚ್ಚಿನವರು ವಿಧವೆಯರು. ಆದರೆ ಇಲ್ಲೂ ಒಂದು ಮಾತು. ದುಡಿದು ಮನೆ ನಡೆಸುವ ತಾಯಿ ಎದುರಿಗಿದ್ದರೂ ಗಣತಿದಾರರಿಗೆ ಹದಿನೆಂಟರ ಮಗನ ಹೆಸರನ್ನು ಯಜಮಾನನೆಂದು ಬರೆಸುವ ವಾಡಿಕೆ ನಮ್ಮಲ್ಲಿದೆ. ಹಾಗಾಗಿ ಕೋಷ್ಟಕದ ಸಂಖ್ಯೆ ವಾಸ್ತವಕ್ಕಿಂತ ಕಡಿಮೆಯೇ ಇರಬೇಕು.

ಊರು ಬಿಟ್ಟವರ ಲೆಕ್ಕ ಇನ್ನೊಂದು. ಗಣತಿಯ ಅವಧಿಯುದ್ದಕ್ಕೂ ಮನೆಯಲ್ಲಿಲ್ಲದವರನ್ನು ಆ ಮನೆಯಲ್ಲಿ ಬರೆಯುವುದಿಲ್ಲ. ಸೌದಿಯಲ್ಲಿ ದುಡಿಯುವ ಮಗ ಭಾರತದ ಯಾವ ಪಟ್ಟಿಯಲ್ಲೂ ಇರುವುದಿಲ್ಲ; ಅವನು ಕಳಿಸುವ ಹಣದಲ್ಲಿ ನಡೆಯುವ ಮನೆ 'ಮೂವರು ಹೆಂಗಸರು, ಇಬ್ಬರು ಮಕ್ಕಳು, ದುಡಿಯುವವರು ಯಾರೂ ಇಲ್ಲ' ಎಂದು ದಾಖಲಾಗುತ್ತದೆ. ಗಣತಿ ಫೆಬ್ರವರಿಯಲ್ಲಿ ನಡೆಯುವುದರಿಂದ ಲಂಬಾಣಿ ತಾಂಡಾಗಳಿಗೂ ಇದೇ ತೊಂದರೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸುರಗೊಂಡನಕೊಪ್ಪ ನಮ್ಮ ತಾಲ್ಲೂಕಿನಲ್ಲೇ ಇದೆ, ಸುತ್ತ ತಾಂಡಾಗಳಿವೆ. ಕಬ್ಬು ಕಡಿಯಲು, ಕಾಫಿ ಕೊಯ್ಲಿಗೆ ಸಂಸಾರ ಸಮೇತ ಹೋದವರ ಮನೆಗೆ ಬೀಗ ಬಿದ್ದಿರುವ ದಿನಗಳವು. ಹಾಸ್ಟೆಲಿನಲ್ಲಿ, ಮದರಸಾದಲ್ಲಿ ಇದ್ದು ಓದುವ ಮಕ್ಕಳು ಅಲ್ಲೇ 'ಸಾಂಸ್ಥಿಕ ಕುಟುಂಬ' ಎಂಬ ಬೇರೆ ಲೆಕ್ಕಕ್ಕೆ ಸೇರುತ್ತಾರೆ. ಓದಲು ಕಳಿಸಿದ ಮನೆ ಅಂಕಿಯಲ್ಲಿ ಒಂದು ಮಗು ಕಡಿಮೆ ಇರುವ ಮನೆ.

ಇವೆಲ್ಲ ಜನಗಣತಿಯನ್ನು ತಳ್ಳಿಹಾಕುವ ಕಾರಣಗಳಲ್ಲ. ಮೊಹಲ್ಲಾದ ಯುವಕರು, ಕಾಲೇಜು ವಿದ್ಯಾರ್ಥಿನಿಯರು ಒಂದು ಬೀದಿಯ ಐವತ್ತು ಒಲೆಗಳನ್ನು ಜನಗಣತಿಯ ಅದೇ ಅರ್ಥವನ್ನಿಟ್ಟುಕೊಂಡು ಬರೆದರೆ, ಹೊರಗೆ ಹೋದವರನ್ನೂ ಹಾಸ್ಟೆಲಿನಲ್ಲಿರುವವರನ್ನೂ ಪಕ್ಕದ ಕಾಲಂನಲ್ಲಿ ಗುರುತಿಸಿದರೆ, ಕೋಷ್ಟಕ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದು ತಿಳಿಯುತ್ತದೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಮ್ಮ ಮೈಸೂರು ರಾಜ್ಯದಲ್ಲೇ ಮನೆಮನೆಗೆ ಹೋಗಿ ನಡೆಸಿದ, 1961ರಲ್ಲಿ ಪ್ರಕಟವಾದ ಜನಸಂಖ್ಯಾ ಅಧ್ಯಯನಕ್ಕೆ ಜಗತ್ತಿನ ವಿದ್ವಾಂಸರ ಮನ್ನಣೆ ಸಿಕ್ಕಿತು. ಪ್ರಶ್ನೆ ಸರಿಯಾಗಿದ್ದರೆ ನಮ್ಮ ಬೀದಿಯ ಐವತ್ತು ಮನೆಗಳೂ ಉತ್ತರ ಕೊಡುತ್ತವೆ.

2021ರ ಜನಗಣತಿ ನಡೆಯಲಿಲ್ಲ. 2025ರ ಜೂನ್ 16ರ ಅಧಿಸೂಚನೆಯ ಪ್ರಕಾರ ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. 1931ರ ನಂತರ ಮೊದಲ ಬಾರಿಗೆ ಎಲ್ಲರ ಜಾತಿಯನ್ನೂ ಅದರಲ್ಲಿ ಕೇಳುತ್ತಾರೆ. ತಾಲ್ಲೂಕುಗಳ ಗಡಿಯನ್ನು 2025ರ ಡಿಸೆಂಬರ್ 31ಕ್ಕೆ ಇದ್ದಂತೆ ನಿಲ್ಲಿಸಿರುವುದರಿಂದ ನ್ಯಾಮತಿಗೆ ಮೊದಲ ಬಾರಿ ತನ್ನದೇ ಪುಟ ಬರುತ್ತದೆ. ಆ ಪುಟದ ಮೊದಲ ಕಾಲಂ ತುಂಬುವುದು ಕುಟುಂಬದ ಮುಖ್ಯಸ್ಥರು ಯಾರು ಎಂಬ ಪ್ರಶ್ನೆಯಿಂದ. ಆ ಉತ್ತರಕ್ಕೆ ಪಹಣಿ, ಪಡಿತರ ಚೀಟಿ ಯಾವುದನ್ನೂ ತೋರಿಸಬೇಕಾಗಿಲ್ಲ. ಮನೆಯವರು ಯಾರ ಹೆಸರು ಹೇಳುತ್ತಾರೋ ಅವರ ಹೆಸರನ್ನೇ ಬರೆದುಕೊಳ್ಳುತ್ತಾರೆ.